ಒಂದೇ ಮನೆ, ನಾಲ್ಕು ಬೆಲೆ: ವ್ಯಾಲ್ಯುವೇಶನ್ ಮಾಡಿಸುವವರಿಗೊಂದು ಕೈಪಿಡಿ

ಮಂಗಳೂರಿನ ಕುಲಶೇಖರದ ಹತ್ತಿರ ಅಪ್ಪ ಕಟ್ಟಿಸಿದ ಮನೆ ಇತ್ತು. 12 ಸೆಂಟ್ಸ್ ಜಾಗ, 1,500 ಚದರಡಿಯ ಆರ್‌ಸಿಸಿ ಮನೆ, ಹಿಂದೆ ಅಜ್ಜನ ಕಾಲದ ಹೆಂಚಿನ ಅಡುಗೆಮನೆ, ಒಂದು ಬಾವಿ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅಣ್ಣ, ಅಕ್ಕ, ನಾನು ಪಾಲು ಮಾಡಿಕೊಳ್ಳಲು ಕೂತೆವು. ಮೇಜಿನ ಮೇಲೆ ನಾಲ್ಕು ಅಂಕಿ ಬಂದವು. ನೋಂದಣಿಗೆ ಸರ್ಕಾರ ಇಟ್ಟ ಗೈಡೆನ್ಸ್ ವ್ಯಾಲ್ಯೂ ಪ್ರಕಾರ 71 ಲಕ್ಷ. ಬ್ಯಾಂಕಿನ ವ್ಯಾಲ್ಯುವರ್, ಅಂದರೆ ಬೆಲೆ ಕಟ್ಟುವವರು, ಬರೆದದ್ದು 1 ಕೋಟಿ 17 ಲಕ್ಷ. ಅದೇ ವರದಿಯ ಕೆಳಗೆ ‘ಡಿಸ್ಟ್ರೆಸ್ ವ್ಯಾಲ್ಯೂ’ ಅಂತ ಸುಮಾರು 94 ಲಕ್ಷ. ಬ್ರೋಕರ್ ಹೇಳಿದ್ದು ಒಂದೂವರೆ ಕೋಟಿ. “ಕಣ್ಣು ಮುಚ್ಚಿ ಕೊಡಿಸ್ತೇನೆ” ಅಂದರು.

ಮನೆ ಇಟ್ಟುಕೊಂಡು ನಮಗೆ ದುಡ್ಡು ಕೊಡುತ್ತೇನೆ ಎಂದವನು ಅಣ್ಣ. ಅವನು ಹಿಡಿದದ್ದು 71 ಲಕ್ಷವನ್ನು. “ಸರ್ಕಾರದ ರೇಟು ಇದೇ ಅಲ್ವಾ?” ಎಂದ. 1 ಕೋಟಿ 17 ಲಕ್ಷದ ವರದಿ ಎಲ್ಲಿಂದ ಬಂತು ಅಂತೀರಾ? ಎರಡು ವರ್ಷದ ಹಿಂದೆ ಇದೇ ಮನೆಯ ಮೇಲೆ ಸಾಲ ಎತ್ತಲು ಅಪ್ಪನ ಜೊತೆ ಓಡಾಡಿ ಅವನೇ ಮಾಡಿಸಿದ್ದು! ಅಣ್ಣ ಸುಳ್ಳು ಹೇಳಿರಲಿಲ್ಲ. ಎರಡೂ ಅಂಕಿ ನಿಜವೇ. ಪಡೆಯುವಾಗ ಒಂದು, ಕೊಡುವಾಗ ಇನ್ನೊಂದು, ಅಷ್ಟೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಾಲು ಕೊಡುವಾಗ ಗೈಡೆನ್ಸ್ ವ್ಯಾಲ್ಯೂ, ಹೊರಗಿನವರಿಗೆ ಮಾರುವಾಗ ಮಾರ್ಕೆಟ್ ರೇಟು. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ ಲೆಕ್ಕ ಇಲ್ಲ.

ನಾನು ಉಡುಪಿಯ ಕಡೆ ಒಂದು ಸಹಕಾರಿ ಸಂಘದ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವಳು. ವ್ಯಾಲ್ಯುವೇಶನ್ ವರದಿ ನನಗೆ ಹೊಸತಲ್ಲ. ಆದರೂ ನನ್ನದೇ ಮನೆಯ ಲೆಕ್ಕ ಬಂದಾಗ ತಡಬಡಾಯಿಸಿದೆ. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ 1906ರಿಂದ 1931ರ ಒಳಗೆ ಐದು ಬ್ಯಾಂಕು ಹುಟ್ಟಿಸಿದ ನೆಲ ಇದು. ಆದರೂ ಬ್ಯಾಂಕಿನ ಕಾಗದ ಕೊನೆಯ ಪುಟದವರೆಗೆ ಓದುವವರು ಕಡಿಮೆ ಮಾರಾಯ್ರೆ.

ಹೆಜ್ಜೆ 1: ‘ಎಷ್ಟು?’ ಅಂತ ಕೇಳುವ ಮೊದಲು ‘ಯಾತಕ್ಕೆ?’ ಅಂತ ಕೇಳಿ

ಮನೆಗೆ ಒಂದೇ ಬೆಲೆ ಅಂತ ಇರುವುದಿಲ್ಲ. ಯಾರಿಗೆ, ಯಾತಕ್ಕೆ, ಯಾವ ದಿನಕ್ಕೆ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ವ್ಯಾಲ್ಯುವರ್ ಹತ್ತಿರ ಹೋಗುವ ಮೊದಲೇ ಇದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಮಾರುವುದಾದರೆ ಬೇಕಾದದ್ದು ಮಾರುಕಟ್ಟೆ ಬೆಲೆ. ಕೊಳ್ಳುವವನಿಗೂ ಮಾರುವವನಿಗೂ ಒತ್ತಡ ಇಲ್ಲ, ಇಬ್ಬರಿಗೂ ವಿಷಯ ಗೊತ್ತು, ನಾಲ್ಕು ಜನಕ್ಕೆ ತಿಳಿಯುವಷ್ಟು ಸಮಯ ಇದೆ. ಹಾಗಿದ್ದಾಗ ಕುದುರುವ ಬೆಲೆ ಅದು. ‘ಮುಂದಿನ ತಿಂಗಳು ದುಬೈಗೆ ಹೋಗಬೇಕು, ಅದರೊಳಗೆ ಮಾರಿಬಿಡಿ’ ಎಂದರೆ ಸಿಗುವುದು ಮಾರುಕಟ್ಟೆ ಬೆಲೆಯಲ್ಲ. ಅದು ಅವಸರದ ಬೆಲೆ. ವರದಿಯಲ್ಲಿ ಅದಕ್ಕೇ ‘ಡಿಸ್ಟ್ರೆಸ್’ ಅಥವಾ ‘ಫೋರ್ಸ್ಡ್ ಸೇಲ್’ ಎಂಬ ಸಾಲು. ಸಾಲ ಕಟ್ಟದೆ ಮನೆ ಹರಾಜಿಗೆ ಬಂದರೆ ಬ್ಯಾಂಕಿನವರು ಬೆಲೆ ಕಟ್ಟಿಸಿ ರಿಸರ್ವ್ ಬೆಲೆ (ಹರಾಜಿನ ಕನಿಷ್ಠ ಬೆಲೆ) ಗೊತ್ತುಮಾಡಬೇಕು. ಆಗ ವರದಿಯ ಕೆಳಗಿನ ಆ ಸಾಲು ಯಾಕಿತ್ತು ಅಂತ ಅರ್ಥವಾಗುತ್ತದೆ.

ಗೈಡೆನ್ಸ್ ವ್ಯಾಲ್ಯೂ ಬೇರೆ ಸಂಗತಿ. ಮುದ್ರಾಂಕ ಶುಲ್ಕ ಸೋರಿಹೋಗದಿರಲಿ ಅಂತ ಸರ್ಕಾರ ಇಟ್ಟ ಕನಿಷ್ಠ ಲೆಕ್ಕ ಅದು. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರ ಬಂತು. ಇಡೀ ಬೀದಿಗೆ ಒಂದೇ ದರ ಹಾಕುತ್ತಾರೆ. ನಿಮ್ಮ ಮನೆಗೆ ಲಾರಿ ಬರುತ್ತದೋ, ಬಾವಿಯಲ್ಲಿ ಏಪ್ರಿಲ್‌ನಲ್ಲಿ ನೀರಿರುತ್ತದೋ ಅದಕ್ಕೆ ಗೊತ್ತಿಲ್ಲ. ಹಾಗಂತ ಅದನ್ನು ಮರೆಯುವ ಹಾಗೂ ಇಲ್ಲ. ಗೈಡೆನ್ಸ್ ವ್ಯಾಲ್ಯೂಗಿಂತ ಕಡಿಮೆಗೆ ಮಾರಿದಿರಿ ಅಂತಿಟ್ಟುಕೊಳ್ಳಿ. ಆ ಮೌಲ್ಯ ನಿಮ್ಮ ಮಾರಾಟ ಬೆಲೆಯ ಶೇ 110 ಮೀರಿದರೆ ಆದಾಯ ತೆರಿಗೆಯವರು ಗೈಡೆನ್ಸ್ ಅಂಕಿಯನ್ನೇ ಹಿಡಿಯುತ್ತಾರೆ. 50 ಲಕ್ಷಕ್ಕೆ ಮಾರಿದ ಮನೆಯ ಗೈಡೆನ್ಸ್ 54 ಲಕ್ಷ ಇದ್ದರೆ ತೊಂದರೆ ಇಲ್ಲ. 58 ಲಕ್ಷ ಇದ್ದರೆ, ಕೈಗೆ ಬಾರದ 8 ಲಕ್ಷಕ್ಕೂ ಲೆಕ್ಕ ಕೊಡಬೇಕು. ನೆರೆ ನುಗ್ಗುವ ಜಾಗ, ದಾರಿ ಇಲ್ಲದ ಜಾಗಗಳಲ್ಲಿ ಹೀಗೆ ಆಗುತ್ತದೆ. ಆಗ ಸುಮ್ನೆ ಒಪ್ಪಿಕೊಳ್ಳಬೇಡಿ. ‘ಇದರ ನಿಜವಾದ ಬೆಲೆ ಕಡಿಮೆ, ಇಲಾಖೆಯ ವ್ಯಾಲ್ಯುವೇಶನ್ ಅಧಿಕಾರಿಗೆ ಕಳಿಸಿ’ ಎಂದು ಕೇಳಲು ಕಾನೂನಿನಲ್ಲಿ ದಾರಿ ಇದೆ.

ಹಳೆಯ ಮನೆ ಮಾರುವವರಿಗೆ ಇನ್ನೊಂದು ಬೆಲೆ ಬೇಕಾಗುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ಬಂದ ಆಸ್ತಿಯಾದರೆ, ತೆರಿಗೆಗೆ ಲಾಭದ ಲೆಕ್ಕ ಹಾಕುವಾಗ, ಆ ದಿನ ಅದರ ಬೆಲೆ ಎಷ್ಟಿತ್ತು ಎಂಬುದನ್ನು ಕೊಂಡ ಬೆಲೆಯ ಜಾಗದಲ್ಲಿ ಹಾಕಬಹುದು. ಆದರೆ ಆ ದಿನದ ಗೈಡೆನ್ಸ್ ದರ ಲಭ್ಯವಿದ್ದರೆ ಅದನ್ನು ದಾಟುವಂತಿಲ್ಲ. ಹಿಂದಿನ ದಿನಾಂಕಕ್ಕೆ ಬೆಲೆ ಕಟ್ಟುವುದು ಬೇರೆಯೇ ಕೆಲಸ. ಇವತ್ತಿನ ವರದಿ ಅಲ್ಲಿ ನಡೆಯುವುದಿಲ್ಲ.

ವಿಮೆಗೆ ಬೇಕಾದದ್ದು ಪುನಃ ಕಟ್ಟುವ ಖರ್ಚು ಮಾತ್ರ. ಜಾಗ ಬೆಂಕಿಗೆ ಸುಡುವುದಿಲ್ಲ ಅಲ್ವಾ? 2021ರ ಏಪ್ರಿಲ್‌ನಿಂದ ಇರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡದ ವಿಮಾ ಮೊತ್ತ ನಿಲ್ಲುವುದು ಚದರಡಿಗೆ ಇವತ್ತಿನ ನಿರ್ಮಾಣ ದರದ ಮೇಲೆ. ನಮ್ಮ ಮನೆಗೆ ಸರಿಯಾದ ವಿಮಾ ಮೊತ್ತ 33 ಲಕ್ಷ. 1 ಕೋಟಿ 17 ಲಕ್ಷವೂ ಅಲ್ಲ, ಹಳತಾದದ್ದಕ್ಕೆ ಸವಕಳಿ ಕಳೆದ 21 ಲಕ್ಷವೂ ಅಲ್ಲ (ಲೆಕ್ಕ ಹೆಜ್ಜೆ 5ರಲ್ಲಿದೆ).

ಇನ್ನೆರಡು ಬೆಲೆಗಳ ಬಗ್ಗೆ ಜನರಿಗೆ ಹೆಚ್ಚಾಗಿ ಗೊತ್ತೇ ಇರುವುದಿಲ್ಲ. ಅಂತಾರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳಲ್ಲಿ ಎರಡಕ್ಕೂ ಹೆಸರಿದೆ.

ಒಂದು, ಇಂಥವರಿಬ್ಬರ ನಡುವೆ ನ್ಯಾಯ ಅನಿಸುವ ಬೆಲೆ. ಇಡೀ ಊರಿನ ಮಾರುಕಟ್ಟೆ ಇಲ್ಲಿ ಮುಖ್ಯವಲ್ಲ. ಅಣ್ಣ ಮತ್ತು ತಂಗಿ, ಅಥವಾ ಪಾಲುದಾರರಿಬ್ಬರು, ಇವರಲ್ಲಿ ಯಾರಿಗೆ ಏನು ಲಾಭ, ಏನು ನಷ್ಟ ಎಂದು ನೋಡಿ ಕಟ್ಟುವುದು.

ಎರಡು, ಕೂಡಿದಾಗ ಹುಟ್ಟುವ ಬೆಲೆ. ಕರಾವಳಿಯ ಓಣಿಗಳಲ್ಲಿ ಇದು ದಿನಾ ಕಾಣುತ್ತದೆ. ನಿಮ್ಮ ಹಿಂದಿನ ಮನೆಯವರ 10 ಸೆಂಟ್ಸಿಗೆ ಬರೀ ಕಾಲುದಾರಿ. ಸೆಂಟ್ಸಿಗೆ 3 ಲಕ್ಷದಂತೆ 30 ಲಕ್ಷ ಅಂತಿಟ್ಟುಕೊಳ್ಳಿ. ಕಾರು ಹೋಗುವ ದಾರಿ ಆದರೆ ಸೆಂಟ್ಸಿಗೆ 6 ಲಕ್ಷ, ಒಟ್ಟು 60. ಆ ದಾರಿಗೆ ಬೇಕಾದದ್ದು ನಿಮ್ಮ ಪಾಗಾರದ ಬದಿಯ ಒಂದೇ ಸೆಂಟ್ಸು. ‘ಇಲ್ಲಿ ರೇಟು 6 ಲಕ್ಷ, ತಗೊಳ್ಳಿ’ ಎಂದು ಅವರು ಕೊಟ್ಟರೆ ನೀವು ಮೋಸ ಹೋದ ಹಾಗೆ. ಆ ಒಂದು ಸೆಂಟ್ಸು ಅವರಿಗೆ 30 ಲಕ್ಷ ಹುಟ್ಟಿಸುತ್ತದೆ. ಪೂರ್ತಿ 30 ಕೇಳಿದರೆ ಅವರು ಬೆನ್ನು ಹಾಕಿ ಹೋಗುತ್ತಾರೆ. 6 ಮತ್ತು 30ರ ನಡುವೆ ಎಲ್ಲೋ ಕೂತು ಮಾತಾಡಬೇಕು. ದಿನಾ ಮುಖ ನೋಡಬೇಕಾದ ನೆರೆಮನೆಯವರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದು ಬೇರೆ ಮಾತು.

ಹೆಜ್ಜೆ 2: ವ್ಯಾಲ್ಯುವರ್ ಯಾರ ಕಡೆಯವರು?

ಬ್ಯಾಂಕಿನ ಪ್ಯಾನಲ್‌ನಲ್ಲಿರುವ ವ್ಯಾಲ್ಯುವರ್‌ಗೆ ಫೀಸು ನಿಮ್ಮ ಜೇಬಿನಿಂದ ಹೋದರೂ ಅವರು ಕೆಲಸ ಮಾಡುವುದು ಬ್ಯಾಂಕಿಗಾಗಿ. ಅದರಲ್ಲಿ ತಪ್ಪಿಲ್ಲ, ನಿಮಗೆ ಗೊತ್ತಿರಬೇಕು ಅಷ್ಟೆ. ಸಾಲ ಕೊಡಲು ಆತುರವಿರುವ ಶಾಖೆಯಲ್ಲಿ ಅಂಕಿ ಮೇಲೆ ಏರುವ ಒತ್ತಡ ಇರುತ್ತದೆ. ಅಮೆರಿಕದಲ್ಲಿ 2008ರ ಕುಸಿತದ ಮುಂಚೆ ಇದೇ ಆಗಿತ್ತು. ಸಾಲಕ್ಕೆ ಹೊಂದುವ ಹಾಗೆ ಬೆಲೆ ಬರೆಯಿರಿ ಅಂತ ವ್ಯಾಲ್ಯುವರ್‌ಗಳ ಮೇಲೆ ಒತ್ತಡ ಹಾಕುತ್ತಿದ್ದರು. 2010ರ ಡಾಡ್-ಫ್ರ್ಯಾಂಕ್ ಕಾನೂನು ಅದನ್ನು ನಿಷೇಧಿಸಿತು.

ಜಾಸ್ತಿ ಬೆಲೆ ಬಂದರೆ ನಮಗೇ ಒಳ್ಳೆಯದಲ್ವಾ ಅಂತ ಅನಿಸುತ್ತದೆ. ರಿಸರ್ವ್ ಬ್ಯಾಂಕಿನ ಮಿತಿ ನೋಡಿ: 30 ಲಕ್ಷದವರೆಗಿನ ಮನೆ ಸಾಲಕ್ಕೆ ಆಸ್ತಿ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕಿಂತ ಮೇಲೆ ಶೇ 75. ಬೆಲೆ ಉಬ್ಬಿದರೆ ಸಾಲ ಉಬ್ಬುತ್ತದೆ, ಕಂತು ಉಬ್ಬುತ್ತದೆ. ನಾಳೆ ಮಾರಬೇಕಾಗಿ ಬಂದರೆ ಆ ಬೆಲೆ ಯಾರೂ ಕೊಡುವುದಿಲ್ಲ. ಜರ್ಮನಿಯಲ್ಲಿ ಅಡಮಾನದ ಸಾಲಕ್ಕೆಂದೇ ಬೇರೆ ಮೌಲ್ಯವಿದೆ. ಇವತ್ತಿನ ಬಿಸಿ ಬೆಲೆ ಬಿಟ್ಟು, ದೀರ್ಘಕಾಲ ನಿಲ್ಲುವ ಬೆಲೆ ಎಷ್ಟು ಅಂತ ಎಚ್ಚರದಿಂದ ಕಟ್ಟುವುದು. ನಮ್ಮಲ್ಲಿ ಕಾನೂನಿನಲ್ಲಿ ಹಾಗಿಲ್ಲದಿದ್ದರೂ, ಮನೆ ಕೊಳ್ಳುವವರು ಮನಸ್ಸಿನಲ್ಲಾದರೂ ಅದನ್ನು ಹಾಕಿಕೊಳ್ಳಬೇಕು. ಹೊಸ ಫ್ಲೈಓವರ್, ಹೊಸ ಮಾಲ್ ಅಂತ ಏರಿದ ಬೆಲೆ ಹತ್ತು ವರ್ಷ ನಿಂತೀತಾ?

ಪಾಲು, ತೆರಿಗೆ, ಕೋರ್ಟು ಅಂತಾದರೆ ನೀವೇ ಸ್ವತಂತ್ರ ವ್ಯಾಲ್ಯುವರ್ ಹಿಡಿಯಿರಿ. 2017ರ ನಿಯಮದ ಪ್ರಕಾರ ಐಬಿಬಿಐ ಎಂಬ ಕೇಂದ್ರದ ದಿವಾಳಿ ಮಂಡಳಿಯಲ್ಲಿ ವ್ಯಾಲ್ಯುವರ್ ಆಗಿ ನೋಂದಾಯಿತರಾದವರ ಪಟ್ಟಿ ಅದರ ವೆಬ್‌ಸೈಟಿನಲ್ಲಿದೆ. ‘ಲ್ಯಾಂಡ್ ಅಂಡ್ ಬಿಲ್ಡಿಂಗ್’ ವರ್ಗದಲ್ಲಿ ಹೆಸರಿದೆಯಾ ನೋಡಿ. ಫೀಸು ಮೊದಲೇ ಗೊತ್ತುಮಾಡಿ. ಬೆಲೆಯ ಮೇಲೆ ಶೇಕಡಾವಾರು ಫೀಸು ಬೇಡ, ಬೆಲೆ ಏರಿದಷ್ಟೂ ಅವರಿಗೆ ಲಾಭ ಎಂದಾಗುತ್ತದೆ. ಬ್ರೋಕರ್ ಹೇಳಿದ ಅಂಕಿಯನ್ನು ಮೌಲ್ಯಮಾಪನ ಅಂತ ಹಿಡಿಯಲೇಬೇಡಿ. ನಿಮ್ಮ ಮನೆ ಅವರ ಕೈಗೆ ಸಿಗಲಿ ಅಂತ ಮೊದಲು ಒಂದೂವರೆ ಕೋಟಿ ಅನ್ನುತ್ತಾರೆ. ಆರು ತಿಂಗಳ ಮೇಲೆ ‘ಮಾರ್ಕೆಟ್ ಡಲ್ ಅಕ್ಕಾ’ ಅಂತ ಒಂದು ಕೋಟಿಗೆ ಇಳಿಸುತ್ತಾರೆ.

ಹೆಜ್ಜೆ 3: ಕಾಗದ

ಇದನ್ನು ಬೇಗ ಮುಗಿಸುತ್ತೇನೆ. ಕ್ರಯಪತ್ರ, ಇಸಿ (ಋಣಭಾರ ಪತ್ರ), ಆರ್‌ಟಿಸಿ, ಕನ್ವರ್ಷನ್ ಆದೇಶ, ಲೇಔಟ್ ಮತ್ತು ಮನೆಯ ಮಂಜೂರಾದ ನಕ್ಷೆ, ತೆರಿಗೆ ರಶೀದಿ. ಪಂಚಾಯತ್ ವ್ಯಾಪ್ತಿಯಾದರೆ ನೈನ್-ಇಲೆವೆನ್ (ನಮೂನೆ 9 ಮತ್ತು 11), ನಗರವಾದರೆ ಖಾತಾ. ಸಮುದ್ರ ಅಥವಾ ಹೊಳೆ ಬದಿಯಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬರುತ್ತದೆ ನೋಡಿ.

ಒಂದೇ ಒಂದು ಕಡೆ ನಿಲ್ಲಬೇಕು: ಮೂಲಗೇಣಿ. ಮಂಗಳೂರು, ಉಡುಪಿ ಪೇಟೆಯ ಎಷ್ಟೋ ಹಳೇ ಜಾಗ ಇವತ್ತಿಗೂ ಮೂಲಗೇಣಿ. ಮನೆ ನಿಮ್ಮದು, ತಲೆಮಾರುಗಳಿಂದ ನೀವೇ ಇದ್ದೀರಿ, ಆದರೆ ನೆಲದ ಹಕ್ಕು ಇನ್ನೊಬ್ಬರಲ್ಲಿ. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದೇ 2011ರಲ್ಲಿ ರಾಜ್ಯ ಕಾನೂನು ಮಾಡಿತು. ಇಂಥ ಕಡೆ ವ್ಯಾಲ್ಯುವರ್ ಬೆಲೆ ಕಟ್ಟಬೇಕಾದದ್ದು ನೆಲಕ್ಕಲ್ಲ, ನಿಮ್ಮ ಕೈಯಲ್ಲಿರುವ ಹಕ್ಕಿಗೆ. ಪಕ್ಕದ ಪೂರ್ಣ ಹಕ್ಕಿನ ಜಾಗದ ದರವನ್ನು ಹಾಗೇ ತಂದು ಹಾಕಿದ್ದರೆ ಆ ವರದಿ ತಪ್ಪು. ಕುಮ್ಕಿ, ಅಂದರೆ ನಿಮ್ಮ ಜಾಗಕ್ಕೆ ತಾಗಿದ, ಬಳಸಲು ಮಾತ್ರ ಹಕ್ಕಿರುವ ಸರ್ಕಾರಿ ಜಾಗದ ವಿಷಯದಲ್ಲೂ ಹೀಗೇ. ಬೇಲಿ ಒಳಗೆ ಇದೆ ಅಂತ ಸೆಂಟ್ಸು ಕೂಡಿಸಿ ಬರೆದಿದ್ದರೆ ನಂಬಬೇಡಿ.

ಹೆಜ್ಜೆ 4: ಭೇಟಿಯ ದಿನ ಬಾಯಿ ಬಿಗಿ

ವ್ಯಾಲ್ಯುವರ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ನಮ್ಮವರು ಕೊಡುವ ಮೊದಲ ಮಾಹಿತಿ ಏನು ಗೊತ್ತಾ? ‘ಒಂದೂಕಾಲು ಆದರೂ ಬರಬೇಕು ಸಾರ್.’ ಅಲ್ಲಿಗೆ ಮುಗಿಯಿತು. ಆ ಅಂಕಿ ಅವರ ತಲೆಯಲ್ಲಿ ಗೂಟ ಹೊಡೆದು ಕೂರುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬಿಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿದರು. 1987ರಲ್ಲಿ ಪ್ರಕಟವಾಯಿತು. ರಿಯಲ್ ಎಸ್ಟೇಟ್ ಏಜೆಂಟರನ್ನು ಒಂದು ಮನೆಗೆ ಕರೆದುಕೊಂಡು ಹೋಗಿ ಬೆಲೆ ಕಟ್ಟಿ ಅಂದರು. ಎಲ್ಲರಿಗೂ ಅದೇ ಮನೆ, ಅದೇ ವಿವರ. ಮಾಲೀಕರು ಹೇಳುವ ಬೆಲೆ ಮಾತ್ರ ಒಬ್ಬೊಬ್ಬರ ಹಾಳೆಯಲ್ಲಿ ಒಂದೊಂದು ಥರ. ಹೆಚ್ಚು ಬೆಲೆ ಕಂಡವರು ಹೆಚ್ಚು ಕಟ್ಟಿದರು, ಕಡಿಮೆ ಕಂಡವರು ಕಡಿಮೆ ಕಟ್ಟಿದರು. ಕೇಳಿದರೆ ಹೆಚ್ಚಿನ ಏಜೆಂಟರು, ಆ ಬೆಲೆಯನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ ಅಂದರು. ವರ್ಷಗಟ್ಟಲೆ ಅದೇ ಕಸುಬು ಮಾಡಿದವರ ಕಥೆ ಇದು.

ಹಾಗಾಗಿ ಪಾಲಿನ ವ್ಯಾಲ್ಯುವೇಶನ್ ಆದರೆ ನಿಮ್ಮ ನಿರೀಕ್ಷೆ ಹೇಳಬೇಡಿ. ಹಳೆಯ ವರದಿ ತೋರಿಸಬೇಡಿ. ಯಾರು ಮನೆ ಇಟ್ಟುಕೊಳ್ಳುತ್ತಾರೆ ಎಂಬುದನ್ನೂ ಹೇಳಬೇಡಿ. ಸಾಧ್ಯವಾದರೆ ಎಲ್ಲ ಪಾಲುದಾರರೂ ಆ ದಿನ ಇರಲಿ, ಇಲ್ಲವೇ ಯಾರೂ ಇರದೆ ಕೀಲಿ ಮಾತ್ರ ಕೊಡಿ. ಕೊಳ್ಳುವ ಮನೆಗೆ ಸಾಲವಾದರೆ ಬ್ಯಾಂಕೇ ಅಗ್ರಿಮೆಂಟ್ ಕಳಿಸಿರುತ್ತದೆ. ಬೆಲೆ ಅದರಲ್ಲೇ ಇರುತ್ತದೆ. ವರದಿ ಸರಿಯಾಗಿ ಅದೇ ಅಂಕಿಗೆ ಬಂದು ನಿಂತಿದ್ದರೆ ಸ್ವಲ್ಪ ಅನುಮಾನ ಇರಲಿ.

ಹೇಳಬೇಕಾದದ್ದನ್ನು ಮಾತ್ರ ಬಿಡದೆ ಹೇಳಿ. ಬಾವಿಯಲ್ಲಿ ಮೇ ತಿಂಗಳಲ್ಲಿ ನೀರು ಎಷ್ಟು ಅಡಿಗೆ ಸಿಗುತ್ತದೆ, ಉಪ್ಪು ಬರುತ್ತದಾ, ವೈರಿಂಗ್ ಯಾವ ವರ್ಷ ಬದಲಿಸಿದಿರಿ, ತಾರಸಿಯ ಮೇಲೆ ಶೀಟು ಹಾಕಿಸಿದ್ದು ಯಾವಾಗ. ಬಿಲ್ಲಿದ್ದರೆ ತೋರಿಸಿ. ಜುಲೈಯಲ್ಲಿ ಬಂದವರಿಗೆ ಗೋಡೆಯ ಪಾಚಿ ಕಾಣುತ್ತದೆ, ಜನವರಿಯಲ್ಲಿ ಬಂದವರಿಗೆ ನೀರಿನ ಬರ ಕಾಣುವುದಿಲ್ಲ. ಎರಡನ್ನೂ ನೀವೇ ಹೇಳುವುದು ಒಳ್ಳೆಯದು.

ಹೆಜ್ಜೆ 5: ವರದಿಯನ್ನು ಸಾಲು ಸಾಲಾಗಿ ಓದಿ

ಮೊದಲು ಉದ್ದೇಶ ಮತ್ತು ದಿನಾಂಕ ನೋಡಿ. ಅಣ್ಣನ ವರದಿಯಲ್ಲಿ ‘ಬ್ಯಾಂಕ್ ಸಾಲಕ್ಕಾಗಿ’ ಎಂದಿತ್ತು, ಎರಡು ವರ್ಷ ಹಳತು. ಅದು ಪಾಲಿಗೆ ನಡೆಯುವುದಿಲ್ಲ. ಅಣ್ಣನ 71 ಲಕ್ಷ ಒಪ್ಪದ ನಾನು ಇದನ್ನೂ ಒಪ್ಪಬಾರದಿತ್ತು. ಆದರೆ ಮೊದಲು ಅದನ್ನೇ ಹಿಡಿದು ಜಗಳ ಮಾಡಿದೆ, ಯಾಕೆಂದರೆ ಅದು ನನಗೆ ಅನುಕೂಲವಾಗಿತ್ತು!

ಆಮೇಲೆ ಲೆಕ್ಕ. ನಮ್ಮದರಲ್ಲಿ ಹೀಗಿತ್ತು. ಜಾಗ 12 ಸೆಂಟ್ಸ್, ಸೆಂಟ್ಸಿಗೆ 8 ಲಕ್ಷ, ಒಟ್ಟು 96 ಲಕ್ಷ. ಮನೆ 1,500 ಚದರಡಿ, ಹೊಸದಾಗಿ ಕಟ್ಟಲು ಚದರಡಿಗೆ 2,200 ರೂಪಾಯಿಯಂತೆ 33 ಲಕ್ಷ. ಮನೆಗೆ 24 ವರ್ಷ, ಒಟ್ಟು ಆಯುಸ್ಸು 60, ಕೊನೆಗೆ ಉಳಿಯುವ ಸಾಮಾನಿನ ಬೆಲೆ ಶೇ 10. ಸವಕಳಿ ಅಂದರೆ 24 ಭಾಗಿಸು 60, ಅದರ ಶೇ 90, ಒಟ್ಟು ಶೇ 36. 33 ಲಕ್ಷದಲ್ಲಿ 11 ಲಕ್ಷ 88 ಸಾವಿರ ಹೋಯಿತು, ಉಳಿದದ್ದು 21 ಲಕ್ಷ 12 ಸಾವಿರ. ಜಾಗ ಸೇರಿ 1 ಕೋಟಿ 17 ಲಕ್ಷ. ಅದರ ಶೇ 80 ಹಿಡಿದು ಡಿಸ್ಟ್ರೆಸ್ 94 ಲಕ್ಷ. ಈ ಶೇ 80 ಎಲ್ಲಿಂದ ಬಂತು ಅಂತ ವರದಿಯಲ್ಲಿ ಒಂದಕ್ಷರ ಇಲ್ಲ. ಅದೊಂದು ರೂಢಿ.

ನೋಡಿ, ಇಡೀ ವರದಿ ನಿಂತಿರುವುದು ‘ಸೆಂಟ್ಸಿಗೆ 8 ಲಕ್ಷ’ ಎಂಬ ಒಂದೇ ಸಾಲಿನ ಮೇಲೆ. ಒಂದು ಲಕ್ಷ ಆಚೀಚೆ ಆದರೆ 12 ಲಕ್ಷ ಬದಲಾಗುತ್ತದೆ. ಪಕ್ಕದಲ್ಲಿ ಏನು ಬರೆದಿದ್ದರು? ‘ಸ್ಥಳೀಯ ವಿಚಾರಣೆಯಿಂದ.’ ಯಾರನ್ನು ವಿಚಾರಿಸಿದರು, ಆ ಬೀದಿಯ ಬಾಯಿಯ ಬ್ರೋಕರನ್ನಾ? ಹತ್ತಿರದ, ಹೋದ ಒಂದೆರಡು ವರ್ಷದ, ನಿಮ್ಮ ಹಾಗೆಯೇ ದಾರಿ ಇರುವ ಮೂರು ಮಾರಾಟಗಳನ್ನಾದರೂ ಕೇಳಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ದೃಢೀಕೃತ ನಕಲು ಸಿಗುತ್ತದೆ. ಒಂದು ಎಚ್ಚರಿಕೆ: ಪತ್ರದಲ್ಲಿ ಬರೆದ ಬೆಲೆಯೇ ಕೊಟ್ಟ ಬೆಲೆ ಅಂತ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ಇದ್ದರೂ, ಪತ್ರದ ಬೆಲೆ ಗೈಡೆನ್ಸ್ ದರಕ್ಕೆ ಅಂಟಿಕೊಂಡೇ ಇರುವುದನ್ನು ಕಾಣುತ್ತೀರಿ. ಅದಕ್ಕೇ ಪತ್ರದ ಬೆಲೆ, ಜಾಹೀರಾತಿನ ಬೆಲೆ ಎರಡನ್ನೂ ಇಟ್ಟುಕೊಂಡು ನಡುವೆ ಹುಡುಕಬೇಕು. ಮೊದಲನೆಯದು ನೆಲ, ಎರಡನೆಯದು ಛಾವಣಿ.

ಸವಕಳಿಯನ್ನೂ ಕಣ್ಣು ಬಿಟ್ಟು ನೋಡಿ. 60 ವರ್ಷ ಎಂಬುದು ಪುಸ್ತಕದ ಲೆಕ್ಕ. ಸುರತ್ಕಲ್, ಮಲ್ಪೆಯ ಉಪ್ಪು ಗಾಳಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು 30 ವರ್ಷಕ್ಕೇ ಸೀಲಿಂಗು ಉದುರಿದ್ದನ್ನು ಕಂಡಿದ್ದೇನೆ. ಕೆಂಪುಕಲ್ಲಿನ ಗೋಡೆ, ಹಲಸಿನ ಪಕ್ಕಾಸು, ಹೆಂಚು ಇರುವ ಮನೆ ಅದಕ್ಕಿಂತ ಗಟ್ಟಿ ನಿಂತದ್ದೂ ಇದೆ. ಆದರೆ ವರದಿಯಲ್ಲಿ ಹೆಂಚಿನ ಭಾಗಕ್ಕೆ ಸಿಗುವುದು ಹೆಚ್ಚಾಗಿ ಸೊನ್ನೆ. ನಮ್ಮ ಅಜ್ಜನ ಅಡುಗೆಮನೆಗೂ ಸೊನ್ನೆಯೇ ಸಿಕ್ಕಿತ್ತು. ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಊರಿನಲ್ಲಿ ಹೆಂಚಿಗೆ ಬೆಲೆ ಇಲ್ಲ! ಅದೇ ಮನೆಯನ್ನು ಕೀಳಿಸಿ ನೋಡಿ, ಹಳೇ ಮರ, ಬಾಗಿಲು, ಹೆಂಚು, ಕಲ್ಲು ಕೊಳ್ಳುವವರು ಮರುದಿನವೇ ಬರುತ್ತಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ವಿಜಯನಾಥ ಶೆಣೈಯವರು ಜೋಡಿಸಿಟ್ಟ ಮನೆಗಳು ಎಲ್ಲೆಲ್ಲೋ ಬೀಳಲಿದ್ದ ಮನೆಗಳೇ. ಕನಿಷ್ಠ ಸಾಮಾನಿನ ಬೆಲೆಯನ್ನಾದರೂ ಬೇರೆ ಸಾಲಿನಲ್ಲಿ ಬರೆಯಿರಿ ಅಂತ ಕೇಳಿ. ನಾನು ಕೇಳಿದೆ, ಹೊಸ ವರದಿಯಲ್ಲಿ ಬರೆದುಕೊಟ್ಟರು.

ಹೆಜ್ಜೆ 6: ಪೂರ್ವಗ್ರಹ ಎಲ್ಲಿ ಅಡಗಿದೆ?

ಬ್ಯಾಂಕಿನ ವರದಿಯ ನಮೂನೆಯಲ್ಲಿ ಒಂದು ಕಾಲಂ ಇರುತ್ತದೆ: ಪ್ರದೇಶದ ದರ್ಜೆ. ಹೈ, ಮಿಡಲ್, ಪೂರ್. ಒಂದು ಟಿಕ್ ಹಾಕುತ್ತಾರೆ. ಈ ಟಿಕ್ ಯಾವ ಆಧಾರದ ಮೇಲೆ ಬಿತ್ತು?

ಅಮೆರಿಕದಲ್ಲಿ 1930ರ ದಶಕದಲ್ಲಿ ಎಚ್ಒಎಲ್‌ಸಿ ಎಂಬ ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಮಾಡಿ ಬಣ್ಣ ಬಳಿದಿತ್ತು. ಕಪ್ಪುಜನರಿದ್ದ ಬಡಾವಣೆಗಳು ಕೆಂಪು, ಅಂದರೆ ಸಾಲಕ್ಕೆ ಅಪಾಯ. 1968ರ ಕಾನೂನು ಮನೆ ವ್ಯವಹಾರದಲ್ಲಿ ಇಂಥ ಭೇದವನ್ನು ನಿಷೇಧಿಸಿತು. ಆದರೂ ಕಪ್ಪು ಕುಟುಂಬಗಳು ವ್ಯಾಲ್ಯುವರ್ ಬರುವ ದಿನ ಗೋಡೆಯ ಮೇಲಿನ ತಮ್ಮ ಫೋಟೋ ಇಳಿಸಿ, ಬಿಳಿ ಗೆಳೆಯರನ್ನು ಮನೆಯಲ್ಲಿ ನಿಲ್ಲಿಸಿ, ಮೊದಲಿಗಿಂತ ಬಹಳ ಹೆಚ್ಚು ಬೆಲೆ ಪಡೆದ ಸುದ್ದಿಗಳು ಬಂದವು. 2021ರಲ್ಲಿ ಅಲ್ಲಿನ ಸರ್ಕಾರ ಇದಕ್ಕೆಂದೇ ಒಂದು ಕಾರ್ಯಪಡೆ ಮಾಡಬೇಕಾಯಿತು.

ನಮ್ಮಲ್ಲಿ ಅಂಥ ನಕ್ಷೆ ಇಲ್ಲ. ಮಾತು ಇದೆ. ‘ಅಲ್ಲಿ ಅವರೇ ಜಾಸ್ತಿ.’ ‘ಕಾಲನಿ ಪಕ್ಕ.’ ‘ನಮ್ಮವರಿಗೆ ಅಲ್ಲಿ ಆಗುವುದಿಲ್ಲ.’ ಸಾಲದ ವಿಭಾಗದಲ್ಲಿ ಕೂತವರಿಗೆ ‘ನೆಗೆಟಿವ್ ಏರಿಯಾ’ (ಸಾಲ ಕೊಡಲು ಹಿಂಜರಿಯುವ ಪ್ರದೇಶ) ಎಂಬ ಶಬ್ದ ಹೊಸತಲ್ಲ. ಯಾರ ಜಾತಿ, ಯಾರ ಧರ್ಮ ಅಂತ ಕಾಗದದ ಮೇಲೆ ಯಾರೂ ಬರೆಯುವುದಿಲ್ಲ. ಒಂದು ಟಿಕ್ ಸಾಕು. ಒಂಟಿ ಹೆಂಗಸು ಮಾರಲು ಹೊರಟರೆ ‘ಮನೆಯಲ್ಲಿ ಗಂಡಸರು ಯಾರೂ ಇಲ್ವಾ?’ ಅಂತ ಕೇಳಿ ಬೆಲೆ ಇಳಿಸುವುದೂ ಇದೇ ಬಗೆಯದ್ದು. ತಿರುಗುಮುರುಗೂ ಇದೆ. ಮಾಲೀಕರು ಗಲ್ಫಿನಲ್ಲಿದ್ದಾರೆ ಅಂದರೆ ಅದೇ ಮನೆಗೆ ಹತ್ತು ಲಕ್ಷ ಮೇಲೆ.

ವ್ಯಾಲ್ಯುವರ್ ಒಂದು ಮಾತು ಹೇಳುತ್ತಾರೆ: “ನನಗೇನೂ ಇಲ್ಲಮ್ಮ, ಮಾರ್ಕೆಟ್ ಹಾಗಿದೆ.” ಇದರಲ್ಲಿ ಅರ್ಧ ನಿಜವಿದೆ. ಕೊಳ್ಳುವವರ ಪೂರ್ವಗ್ರಹ ಮಾರುಕಟ್ಟೆ ಬೆಲೆಯಲ್ಲಿ ಸೇರಿಹೋಗಿರುತ್ತದೆ. ಅದನ್ನು ವ್ಯಾಲ್ಯುವರ್ ಅಳಿಸಲಾರರು. ಹಾಗಾದರೆ ಅವರ ಪೂರ್ವಗ್ರಹವನ್ನು ಹಿಡಿಯುವುದು ಹೇಗೆ?

ನಾನು ನೋಡುವುದು ಒಂದನ್ನೇ: ಒಂದೇ ಕಾರಣಕ್ಕೆ ಎರಡು ಸಲ ಕಳೆದಿದ್ದಾರಾ? ನಿಮ್ಮ ಬೀದಿಯದೇ ಮೂರು ಮಾರಾಟ ನೋಡಿ ಸೆಂಟ್ಸಿಗೆ 5 ಲಕ್ಷ ಅಂತ ತೆಗೆದರು ಅಂತಿಟ್ಟುಕೊಳ್ಳಿ. ಆ ಬೀದಿಯ ಒಳ್ಳೆಯದು ಕೆಟ್ಟದ್ದು, ಜನರ ಪೂರ್ವಗ್ರಹ, ನೆರೆ, ಎಲ್ಲವೂ ಆ 5 ಲಕ್ಷದೊಳಗೆ ಆಗಲೇ ಬಂದಿದೆ. ಅದರ ಮೇಲೆ ‘ಪ್ರದೇಶ ಸಾಮಾನ್ಯ ದರ್ಜೆ’ ಅಂತ ಮತ್ತೆ ಶೇ 10 ಕಳೆದರೆ, ಆ ಶೇ 10 ಮಾರುಕಟ್ಟೆಯದ್ದಲ್ಲ. ಅದು ಬರೆದವರದ್ದು. ಇನ್ನೊಂದು ರೀತಿ: ಪಕ್ಕದ ಬೀದಿಯಲ್ಲಿ ಹೋಲಿಕೆ ಸಿಗುತ್ತಿದ್ದರೂ ಬಿಟ್ಟು, ದೂರದ ‘ಅಂಥದ್ದೇ ಜನರ’ ಕೇರಿಯಿಂದ ಹೋಲಿಕೆ ತರುವುದು. ಮೂರು ಹೋಲಿಕೆಯ ವಿಳಾಸ ಕೇಳಿದರೆ ಇದು ತಾನಾಗಿ ಬಯಲಾಗುತ್ತದೆ.

ಕಾರಣ ಅಳೆಯುವಂಥದ್ದಾಗಿರಬೇಕು. ಕೊಟ್ಟಾರ ಚೌಕಿಯ ತಗ್ಗಿನಲ್ಲಿ ಮಳೆಗಾಲಕ್ಕೆ ಕೃತಕ ನೆರೆ ಬರುತ್ತದೆ ಎಂಬುದು ಕಾರಣ. ರಸ್ತೆ ಎಂಟಡಿ ಮಾತ್ರ ಎಂಬುದು ಕಾರಣ. ‘ಪರಿಸರ ಅಷ್ಟು ಚೆನ್ನಾಗಿಲ್ಲ’ ಎಂಬುದು ಕಾರಣವಲ್ಲ. ವಾಸ್ತುವಿಗೂ ಇದೇ ಮಾತು. ದಕ್ಷಿಣ ಬಾಗಿಲಿಗೆ ಕಡಿಮೆ ಬೆಲೆ ಎನ್ನುವವರು ಹಾಗೆ ಮಾರಾಟವಾದದ್ದನ್ನು ತೋರಿಸಲಿ.

ನಾಗಬನದ ವಿಷಯ ಸ್ವಲ್ಪ ಕಷ್ಟ. ಜಾಗದ ಮೂಲೆಯಲ್ಲಿ ಬನ ಇದ್ದರೆ ಹೊರಗಿನ ಖರೀದಿದಾರ ಹಿಂಜರಿಯುತ್ತಾನೆ, ಮಾರುಕಟ್ಟೆ ಬೆಲೆ ಇಳಿಯುತ್ತದೆ. ಕುಟುಂಬದವರಿಗೆ ಅದೇ ಆ ಜಾಗದ ಜೀವ. ನನ್ನ ಅಭಿಪ್ರಾಯ ಕೇಳಿದರೆ, ಬನ, ದೈವದ ಕೋಣೆ ಮತ್ತು ಅಲ್ಲಿಗೆ ಹೋಗುವ ದಾರಿಯನ್ನು ಅಳೆದು ಹೊರಗಿಟ್ಟು, ಎಲ್ಲರ ಹೆಸರಿನಲ್ಲಿ ಉಳಿಸಿ, ಮಿಕ್ಕಿದ್ದಕ್ಕೆ ಬೆಲೆ ಕಟ್ಟಿ. ಅದನ್ನು ಸೆಂಟ್ಸಿನ ದರದಲ್ಲಿ ಹಾಕಿದರೂ ಜಗಳ, ಸೊನ್ನೆ ಹಾಕಿದರೂ ಜಗಳ.

ಹೆಜ್ಜೆ 7: ಒಪ್ಪಿಗೆ ಇಲ್ಲದಿದ್ದರೆ

ಅಮೆರಿಕದಲ್ಲಿ ವರದಿಯ ನಕಲನ್ನು ಸಾಲಗಾರನಿಗೆ ಬ್ಯಾಂಕೇ ಕೊಡಬೇಕು. ಇಲ್ಲಿ ನೀವು ಕೇಳಬೇಕು. ಬರಹದಲ್ಲಿ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ. ಸಿಕ್ಕಿದ ಮೇಲೆ ‘ಬೆಲೆ ಕಡಿಮೆ ಆಯ್ತು’ ಅಂತ ಬರೆಯಬೇಡಿ, ಯಾರೂ ಓದುವುದಿಲ್ಲ. ಚದರಡಿ ತಪ್ಪು, ಕಟ್ಟಿದ ವರ್ಷ ತಪ್ಪು, ಬಾವಿ ಬಿಟ್ಟುಹೋಗಿದೆ, ಇಂಥ ಸರ್ವೆ ನಂಬರಿನ ಇಂಥ ತಿಂಗಳ ಮಾರಾಟ ಹಿಡಿದಿಲ್ಲ ಅಂತ ಸಾಲು ಸಾಲಾಗಿ ಒಂದೇ ಪುಟ ಬರೆದು ಮರುಪರಿಶೀಲನೆ ಕೇಳಿ. ಆಗದಿದ್ದರೆ ಪ್ಯಾನಲ್‌ನ ಇನ್ನೊಬ್ಬರಿಂದ ಮಾಡಿಸಿ ಅಂತ ಕೇಳಿ. ಅದೂ ಆಗದಿದ್ದರೆ ಬೇರೆ ಬ್ಯಾಂಕು. ಗೈಡೆನ್ಸ್ ದರದ ಬಗ್ಗೆ ತಕರಾರಿದ್ದರೆ ಪರಿಷ್ಕರಣೆಯ ಕರಡು ಪ್ರಕಟವಾದಾಗಲೇ ಆಕ್ಷೇಪಣೆ ಹಾಕಬೇಕು. ಆಮೇಲೆ ಚಾವಡಿಯಲ್ಲಿ ಕೂತು ಬೈದು ಪ್ರಯೋಜನ ಇಲ್ಲ.

ಹೆಜ್ಜೆ 8: ಪಾಲಿನ ಬೆಲೆ

ನಾವು ಕೊನೆಗೆ ಮಾಡಿದ್ದು ಇಷ್ಟು. ಮೂವರೂ ಒಪ್ಪಿದ ಒಬ್ಬ ಸ್ವತಂತ್ರ ವ್ಯಾಲ್ಯುವರ್. ಫೀಸು ಮೂರು ಪಾಲು. ಹಳೆಯ ಅಂಕಿ ಯಾವುದೂ ಅವರಿಗೆ ಹೇಳಲಿಲ್ಲ. ಅವರು ಒಂದೇ ಅಂಕಿ ಕೊಡಲಿಲ್ಲ, 1 ಕೋಟಿ 5 ಲಕ್ಷದಿಂದ 1 ಕೋಟಿ 15 ಲಕ್ಷ ಅಂತ ಒಂದು ಅಂತರ ಕೊಟ್ಟರು. ಇದು ನನಗೆ ಹೆಚ್ಚು ಪ್ರಾಮಾಣಿಕ ಅನಿಸಿತು.

ಆಮೇಲೆ ಮೂವರೂ ಒಂದೊಂದು ಚೀಟಿಯಲ್ಲಿ ಒಂದೊಂದು ಬೆಲೆ ಬರೆದೆವು. ಷರತ್ತು ಒಂದೇ: ಯಾರ ಚೀಟಿಯಲ್ಲಿ ಹೆಚ್ಚು ಇರುತ್ತದೋ ಅವರು ಅದೇ ಬೆಲೆಗೆ ಮನೆ ಇಟ್ಟುಕೊಂಡು ಉಳಿದಿಬ್ಬರಿಗೆ ದುಡ್ಡು ಕೊಡಬೇಕು. ಕಡಿಮೆ ಬರೆದರೆ ಮನೆ ಕೈತಪ್ಪುತ್ತದೆ, ಜಾಸ್ತಿ ಬರೆದರೆ ಜೇಬಿಗೆ ಹೊರೆ ಬೀಳುತ್ತದೆ. ಮುಂಬೈಯಲ್ಲಿರುವ ಅಕ್ಕ ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿದಳು, ಮಾವನೇ ಮೂರನ್ನೂ ಓದಿದರು. ಅಕ್ಕನದು 1 ಕೋಟಿ 10 ಲಕ್ಷ. ಅಣ್ಣನದು 1 ಕೋಟಿ 12. ಅಷ್ಟು ದಿನ 1 ಕೋಟಿ 17ಕ್ಕೆ ಜಗಳ ಮಾಡಿದ ನಾನು ಬರೆದದ್ದು 1 ಕೋಟಿ 5. ನನ್ನ ಕೈಯಿಂದ ದುಡ್ಡು ಹೋಗುತ್ತದೆ ಎಂದಾಗ ಸೋರುವ ತಾರಸಿ, ಬದಲಿಸಬೇಕಾದ ಪೈಪು ಎಲ್ಲ ಕಣ್ಣ ಮುಂದೆ ಬಂತು.

ಅಣ್ಣನೇ ಇಟ್ಟುಕೊಂಡ. ತಲಾ 37 ಲಕ್ಷದ 33 ಸಾವಿರ. ಗೈಡೆನ್ಸ್ ಲೆಕ್ಕದಲ್ಲಿ ಹೋಗಿದ್ದರೆ ತಲಾ 23 ಲಕ್ಷದ 66 ಸಾವಿರ ಸಿಗುತ್ತಿತ್ತು. ಅವನು ಎರಡು ಕಂತು ಕೇಳಿದ, ಕೊಟ್ಟೆವು. ಅಂಥ ಮಾತಾದರೆ ಯಾವ ದಿನದ ಬೆಲೆ, ಎರಡನೇ ಕಂತು ಯಾವ ತಾರೀಕು, ತಡವಾದರೆ ಬಡ್ಡಿ ಎಷ್ಟು, ಬಾವಿಯ ನೀರು ಯಾರಿಗೆ ಎಂಬುದನ್ನು ಪತ್ರದಲ್ಲೇ ಬರೆಸಿ. ಪೂರ್ತಿ ದುಡ್ಡು ಖಾತೆಗೆ ಬಂದ ದಿನವೇ ರಿಲೀಸ್ ಡೀಡಿಗೆ (ಹಕ್ಕು ಬಿಟ್ಟುಕೊಡುವ ಪತ್ರಕ್ಕೆ) ಸಹಿ ಹಾಕಿ, ಮೊದಲಲ್ಲ. ನಾವು ನವೆಂಬರಿನಲ್ಲಿ ಹಾಕಿದೆವು.